ಕೇಳದೆ ಬರೆಯದ ವೃಂದಾಬಾಯಿ

ವೃಂದಾಬಾಯಿ ಯಾವ ಹೆಂಗಸನ್ನು ಕಂಡರೂ ಮೊದಲು ನೋಡುತ್ತಿದ್ದದ್ದು ಮುಖವನ್ನಲ್ಲ, ಪಾದವನ್ನು. ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಮೀನಿನ ಬುಟ್ಟಿ ಪಕ್ಕಕ್ಕಿಟ್ಟು ತಲೆ ಹಿಡಿದು ಕೂತಿದ್ದ ಬಸುರಿಯ ಎದುರು ಕುಕ್ಕರುಗಾಲಲ್ಲಿ ಕೂತು, "ಮುಟ್ಟಲಾ ಗೋ?" ಎಂದು ಕೇಳಿ, ಅವಳ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು. ನಾವು ಹತ್ತಬೇಕಿದ್ದ ಕಾರವಾರದ ಬಸ್ಸು ಬಂತು, ಹೋಯಿತು. ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಮೀನಿನ ಬುಟ್ಟಿ ನನ್ನ ತೊಡೆಯ ಮೇಲೆ. ಅದು ನನ್ನ ಕೆಲಸದ ಮೊದಲ ದಿನ, ಹೊಸ ಚೂಡಿದಾರ ಹಾಕಿಕೊಂಡು ಹೋಗಿದ್ದೆ.

ವೃಂದಾಬಾಯಿ ಕಾರವಾರದ ಕೋಡಿಬಾಗದವರು. ಮನೆಮಾತು ಕೊಂಕಣಿ, ಹಾಗಾಗಿ ಕನ್ನಡದ ಪ್ರತಿ ಮಾತಿನ ಕೊನೆಗೂ ಒಂದು 'ಗೋ' ಅಂಟಿಕೊಂಡಿರುತ್ತಿತ್ತು. ಕಲಿತದ್ದು ಡಾಕ್ಟರಿಕೆ, ಆದರೆ ದವಾಖಾನೆ ಹಾಕಿದವರಲ್ಲ. ಬಸಿರು ಬಾಣಂತನಗಳಲ್ಲಿ ಹೆಂಗಸಿನ ಮೈಗೆ ಆದದ್ದು ಇಪ್ಪತ್ತು ಮೂವತ್ತು ವರ್ಷಗಳ ನಂತರ ಅವಳ ಬಿಪಿ, ಸಕ್ಕರೆ, ಹೃದಯ, ಕಿಡ್ನಿಗಳಲ್ಲಿ ಹೇಗೆ ತಲೆ ಎತ್ತುತ್ತದೆ ಎಂಬುದು ಅವರ ಸಂಶೋಧನೆ. ಕಾರವಾರ, ಅಂಕೋಲಾ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಫಾರ್ಮು ತುಂಬುವವರು ಬೇಕಾಗಿದ್ದರು. ನನ್ನನ್ನು ಆರಿಸಿದರು.

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅವ್ವಿ ಕಂಡವರ ಗದ್ದೆಯಲ್ಲಿ ನೆಟ್ಟಿ ನೆಟ್ಟು, ಅಪ್ಪ ಕಟ್ಟಡದ ಕೆಲಸಕ್ಕೆ ಹೋಗಿ ಓದಿಸಿದ್ದು. ಬಿ.ಎಸ್ಸಿ. ಅಂಕಪಟ್ಟಿಯನ್ನು ಅವ್ವಿ ಓಣಿಯ ಎಲ್ಲರಿಗೂ ತೋರಿಸಿ ಬಂದಿದ್ದಳು. ಆ ಹಮ್ಮು ನನ್ನ ನಡಿಗೆಯಲ್ಲೂ ಇತ್ತು ಎಂದು ಈಗ ಅನ್ನಿಸುತ್ತದೆ.

ವೃಂದಾಬಾಯಿಯ ಕೆಲಸದ ರೀತಿಯೇ ಬೇರೆ. ಹೋದ ಮನೆಯಲ್ಲಿ ಫಾರ್ಮು ಚೀಲದಿಂದ ಹೊರಗೆ ಬರುವುದಕ್ಕೆ ಅರ್ಧ ತಾಸು ಬೇಕು. ಅಷ್ಟರೊಳಗೆ ಆ ಹೆಂಗಸು ಮಾಡುತ್ತಿದ್ದ ಕೆಲಸಕ್ಕೆ ಇವರೂ ಕೈಹಾಕಿ ಆಗಿರುತ್ತಿತ್ತು: ಬಸಳೆ ಸೋಸುವುದು, ತೆಂಗಿನಗರಿ ಸೀಳುವುದು. ಹೆರಿಗೆ ಯಾವ ಇಸವಿಯಲ್ಲಿ ಎಂದು ಯಾರನ್ನೂ ಕೇಳಬಾರದು. ನೌಕಾನೆಲೆಗೆ ಜಾಗ ಬಿಡುವ ಮುಂಚೆಯೋ ಆಮೇಲೋ, ರೈಲು ಬರುವ ಮುಂಚೆಯೋ ಆಮೇಲೋ, ಮಳೆಗಾಲವೋ ಬೇಸಿಗೆಯೋ ಎಂದು ಕೇಳಬೇಕು. ಅದರಿಂದ ಇಸವಿಯನ್ನು ನಾವು ಲೆಕ್ಕ ಹಾಕಿಕೊಳ್ಳಬೇಕು. "ಗೊತ್ತಿಲ್ಲ ಅಂತ ಬರಿ ಗೋ, ಮತ್ತೆ ಹೋಗಿ ಕೇಳುವ ಕೆಲಸ ನನಗೆ ಸಿಗ್ತದೆ. ಊಹಿಸಿ ಬರೆದರೆ ಮಾಡಿದ ಕೆಲಸವೂ ಹಾಳು," ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಅಂಕೋಲೆಯ ಹತ್ತಿರದ ಒಂದು ಕೇರಿಯಲ್ಲಿ ಮುದುಕಿಯೊಬ್ಬಳು ಇವರನ್ನೇ ತಿರುಗಿ ವಿಚಾರಿಸಿಕೊಂಡಳು. ಮಕ್ಕಳೆಷ್ಟು ಎಂದಳು. ಇಲ್ಲ, ಮದುವೆಯೇ ಆಗಿಲ್ಲ ಎಂದರು.

"ಹಾಂಗಾರೆ ನಿಂಗೆಂತಾ ಗೊತ್ತು ಹೆರೂದು?"

"ಗೊತ್ತಿಲ್ಲ, ಅದಕ್ಕೇ ಕೇಳೂಕೆ ಬಂದೆ ಗೋ ಅಜ್ಜಿ. ಗೊತ್ತಿದ್ದರೆ ಮನೆಯಲ್ಲೇ ಕೂತು ಬರೀತಿದ್ದೆ."

ಮುದುಕಿ ನಕ್ಕು ಚಾಪೆ ಹಾಸಿದಳು. ಸಂಜೆವರೆಗೆ ಒಂಬತ್ತು ಹೆರಿಗೆಯ ಕಥೆ ಹೇಳಿದಳು.

ನಮ್ಮ ಮನೆ ಚೆಂಡಿಯಾದಲ್ಲಿ, ನೌಕಾನೆಲೆಗೆ ಜಾಗ ಬಿಟ್ಟವರಿಗೆ ಸರ್ಕಾರ ಕೊಟ್ಟ ಪ್ಲಾಟಿನಲ್ಲಿ. ನಮ್ಮ ಓಣಿಯ ಸರದಿ ಬಂದಾಗ ನಾನು ಮಾಡಬಾರದ್ದು ಮಾಡಿದೆ. ಸ್ವಂತ ಮನೆಯವರ ಫಾರ್ಮನ್ನು ಇನ್ನೊಬ್ಬರು ತುಂಬಬೇಕು ಎಂಬ ನಿಯಮವಿತ್ತು. ಅಂದಿನ ಕೊನೆಯ ಫಾರ್ಮು ಅವ್ವಿಯದು, ನನ್ನ ಜತೆ ಫಾರ್ಮು ತುಂಬುತ್ತಿದ್ದವಳು ಆಗಲೇ ಬಸ್ಸು ಹತ್ತಿದ್ದಳು. ಅವ್ವಿಯ ಬಿಪಿಯನ್ನೇನೋ ಸರಿಯಾಗಿಯೇ ನೋಡಿದೆ. ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಗದ್ದೆಯಿಂದ ಆಗಷ್ಟೇ ನಡೆದು ಬಂದಿದ್ದಾಳೆ ಎಂದು ಪಕ್ಕದಲ್ಲಿ ಗೀಚಿದೆ. ಉಳಿದದ್ದನ್ನು ಕೇಳಲೇ ಇಲ್ಲ. ನನ್ನ ಅವ್ವಿಯದು ನನಗೆ ಗೊತ್ತಿಲ್ಲವೇ? ಬಸಿರು ಎರಡು, ನಾನು ಮತ್ತು ತಮ್ಮ. ತೊಂದರೆ ಏನೂ ಇಲ್ಲ. ಐದು ನಿಮಿಷದಲ್ಲಿ ಮುಗಿಯಿತು.

ಮರುದಿನ ಆಫೀಸಿನಲ್ಲಿ ವೃಂದಾಬಾಯಿ ಆ ಒಂದು ಫಾರ್ಮನ್ನು ಬೇರೆ ತೆಗೆದಿಟ್ಟರು. ಎಲ್ಲರ ಫಾರ್ಮಿನಲ್ಲೂ ಹೊಡೆದುಹಾಕಿದ್ದು, ತಿದ್ದಿದ್ದು ಇರುತ್ತದೆ, ಇದರಲ್ಲಿ ಒಂದೂ ಇಲ್ಲ ಎಂದರು. ಬಿಪಿ ಇಷ್ಟಿದೆ, ಹಿಂದಿನ ಕಥೆ ಇಷ್ಟು ಸಪಾಟಾಗಿದೆ. ಕೇಳಿದೆಯಾ ಎಂದರು. ಅವ್ವಿಯದು ನನಗೆ ಗೊತ್ತು ಎಂದೆ.

"ಡಿಗ್ರಿ ಆಯ್ತು ಅಂತ ಅವ್ವಿಗಿಂತ ಮುಂಚೆ ಹುಟ್ಟಿದೆಯಾ ಗೋ ನೀನು?"

ಅಷ್ಟೇ ಅಂದದ್ದು. ದನಿ ಏರಿಸಲೂ ಇಲ್ಲ.

ಆ ಭಾನುವಾರ ಅವರೇ ಬಂದರು. ಅವ್ವಿ ಹಿತ್ತಿಲ ಮೆಟ್ಟಿಲಲ್ಲಿ ಕೂತು ಬೆಳಚಿನ ಚಿಪ್ಪು ಒಡೆದು ಒಳಗಿನ ಮಾಂಸ ಬಿಡಿಸುತ್ತಿದ್ದಳು. ಇವರೂ ಇನ್ನೊಂದು ಕತ್ತಿ ಇಸಕೊಂಡು ಚಿಪ್ಪಿಗೆ ಕೈಹಾಕಿದರು. ನನ್ನನ್ನು ಹೊರಗೆ ಹೋಗು ಎಂದರು. ನನ್ನದೇ ಮನೆಯಿಂದ ನನ್ನನ್ನು ಕಳಿಸುವುದೆಂದರೆ! ಬಾವಿಕಟ್ಟೆಯ ಹತ್ತಿರ ನಿಂತೆ. ಬಹಳ ಹೊತ್ತಿನ ಮೇಲೆ ಅವ್ವಿಯೇ ಕರೆದಳು.

ನನಗಿಂತ ಮೊದಲು ಇನ್ನೊಂದು ಬಸಿರಿತ್ತು. ಜಾಗ ಬಿಡುವ ಹಿಂದಿನ ಮಳೆಗಾಲ, ಏಳನೇ ತಿಂಗಳು. ಕಾಲು ಊದಿ ಬಳೆಯಂತೆ ಗೆರೆ ಬೀಳುತ್ತಿತ್ತಂತೆ, ಕಣ್ಣು ಮಂಜಾಯಿತಂತೆ, ಆಮೇಲೆ ಮೈ ಸೆಟೆದು ನಡುಕ. ಗಾಳಿ ಸೋಂಕಿದೆ ಎಂದು ಒಂದು ದಿನ ಕಳೆದು, ಮರುದಿನ ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಅವ್ವಿ ಉಳಿದಳು. ಗಂಡುಮಗು ಉಳಿಯಲಿಲ್ಲ.

"ಹೇಳ್ಲಿಲ್ಲ ಯಾಕೆ ಅವ್ವಿ?"

"ಎಂತಾ ಹೇಳೂದು ಮಗಾ. ನಿಂಗೂ ಒಂದಿನ ಬಸುರು ಬಾಣಂತನ ಅದೆ. ಹೆದರ್ಕಂಡ್ರೆ ಅಂದ್ಕಂಡೆ." ಇನ್ನೊಂದು ಚಿಪ್ಪು ಬಿಡಿಸಿ, "ಯಾರೂ ಕೇಳೂ ಇಲ್ಲ," ಎಂದಳು.

ವೃಂದಾಬಾಯಿ ಕೈ ತೊಳೆದುಕೊಂಡು ಬಂದು ಇಬ್ಬರಿಗೂ ಬಿಡಿಸಿ ಹೇಳಿದರು. ಬಸಿರಿನಲ್ಲಿ ಬಿಪಿ ಹಾಗೆ ಏರಿದವರಿಗೆ ಮುಂದೆ ಹೃದಯ, ಕಿಡ್ನಿ, ಲಕ್ವದ ಅಪಾಯ ಉಳಿದವರಿಗಿಂತ ಹೆಚ್ಚು. ಹೆರಿಗೆಯೊಂದಿಗೆ ಮುಗಿಯಿತು ಎಂದುಕೊಳ್ಳಬಾರದು, ನೋಡಿಸಿಕೊಳ್ಳುತ್ತ ಇರಬೇಕು. ಮಾರನೆಯ ದಿನವೇ ಕಾರವಾರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಿಡ್ನಿಗೆ ಪೆಟ್ಟು ಬೀಳಲು ಶುರುವಾಗಿತ್ತು. ಶುರುವಿನಲ್ಲೇ ಗೊತ್ತಾದದ್ದು ಒಳ್ಳೆಯದಾಯಿತು ಎಂದರು ಅಲ್ಲಿನ ಡಾಕ್ಟರು. ಅವ್ವಿ ಈಗ ದಿನಾ ಎರಡು ಗುಳಿಗೆ ನುಂಗುತ್ತಾಳೆ, ಉಪ್ಪು ಕಡಿಮೆಯಾಯಿತೆಂದು ಸಾರಿಗೆ ಬಯ್ಯುತ್ತಾಳೆ. ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆಯಲಿಲ್ಲ. ಹೊಸದಾಗಿ ಸೇರಿದವರಿಗೆ ಫಾರ್ಮು ತುಂಬುವುದನ್ನು ಕಲಿಸುವ ಕೆಲಸ ಕೊಟ್ಟು, ಮೊದಲು ನಿನ್ನ ತಪ್ಪನ್ನೇ ಹೇಳು ಎಂದರು. ಹೇಳಿದೆ, ಪ್ರತಿ ಸಲವೂ. ಇದನ್ನು ಬರೆಯುವುದಕ್ಕೂ ಅವ್ವಿಯನ್ನು ಕೇಳಿಯೇ ಕೂತಿದ್ದೇನೆ.

ಸಂಶೋಧನೆ ಮುಗಿದು, ಇನ್ನೊಂದು ರಾಜ್ಯದ ಕರಾವಳಿಗೆ ಹೊರಡುವ ಹಿಂದಿನ ದಿನ ವೃಂದಾಬಾಯಿ ನಮ್ಮಲ್ಲಿಗೆ ಬಂದರು. ಕೈಯಲ್ಲಿ ಅಚ್ಚಾದ ವರದಿಯಿತ್ತು. ಅವ್ವಿ ಅದನ್ನು ಸೆರಗಿನಿಂದ ಒರೆಸಿ, ತಿರುವಿ ನೋಡಿ, ಇದರಲ್ಲಿ ತನ್ನ ಹೆಸರಿದೆಯೇ ಎಂದು ಕೇಳಿದಳು. ಯಾರ ಹೆಸರೂ ಇಲ್ಲ, ಹಾಕುವ ಹಾಗಿಲ್ಲ, ಬರೀ ಲೆಕ್ಕ ಎಂದರು ಅವರು.

"ಆ ಹುಡ್ಗ?"

ವೃಂದಾಬಾಯಿ ಪುಟ ಹುಡುಕಿ ತೆಗೆದು, ಅವ್ವಿಯ ಬೆರಳು ಹಿಡಿದು ಉಳಿಯದ ಮಕ್ಕಳ ಅಂಕಿಯ ಮೇಲೆ ಇಟ್ಟರು. "ಇಲ್ಲಿ ಇದ್ದಾನೆ ಗೋ. ಇದರೊಳಗೆ ಒಬ್ಬ ಅವನೇ."

ಅವ್ವಿ ಬೆರಳು ತೆಗೆಯಲಿಲ್ಲ. "ಹೆಸ್ರಿಲ್ದಿದ್ರೂ ಅಡ್ಡಿಲ್ಲ," ಎಂದಳು. "ನಾವೂ ಇಟ್ಟಿರ್ಲಿಲ್ಲ."

ಅವರು ಪುಸ್ತಕವನ್ನು ಅಲ್ಲೇ ಬಿಟ್ಟು ಹೋದರು. ಅವ್ವಿಗೆ ಓದಲು ಬರುವುದಿಲ್ಲ. ಗುಳಿಗೆಯ ಚೀಟಿಯನ್ನು ಆ ಪುಟದಲ್ಲೇ ಇಡುತ್ತಾಳೆ. ಪುಟ ಹುಡುಕಲು ನನ್ನನ್ನು ಒಮ್ಮೆಯೂ ಕರೆದಿಲ್ಲ.