ಮೊಟ್ಟೆ ತಿರುಗಿಸಿದ ಕೈ

ಪಕ್ಕದ ಮನೆಯವರು ಮಹಡಿ ಕಟ್ಟಿಸುತ್ತಿದ್ದಾರೆ. ಮೊನ್ನೆ ಎಲ್ಲಿಂದಲೋ ಒಂದು ಲೋಡ್ ಹೊಳೆ ಮರಳು ತರಿಸಿ ಗೇಟಿನ ಮುಂದೆ ಸುರಿಸಿದ್ದರು. ಎಲ್ಲರೂ ಎಂ-ಸ್ಯಾಂಡಿಗೆ ಹೋದ ಮೇಲೆ ಆ ಹಸಿ ವಾಸನೆ ನಮ್ಮ ಬೀದಿಯಲ್ಲಿ ಮೂಗಿಗೆ ಬಿದ್ದು ಎಷ್ಟು ವರ್ಷವಾಗಿತ್ತೋ... ಹಾಲಿನ ಪ್ಯಾಕೆಟ್ ಹಿಡಿದುಕೊಂಡೇ ನಿಂತುಬಿಟ್ಟೆ. ನೆನಪಾದವರು ನಮ್ಮ ಜುವಾಲಜಿ ಮೇಡಂ.

ತೊಂಬತ್ತರ ದಶಕದ ಕೊನೆ. ನಾನು ಭದ್ರಾವತಿ ನ್ಯೂ ಟೌನಿನ ಕ್ವಾರ್ಟರ್ಸಿನಿಂದ ಬಸ್ಸಿನಲ್ಲಿ ಹೋಗಿ ಶಿವಮೊಗ್ಗದಲ್ಲಿ ಬಿ.ಎಸ್ಸಿ ಓದುತ್ತಿದ್ದೆ. ಮೇಡಂ ಅಲ್ಲೇ ದುರ್ಗಿಗುಡಿಯಲ್ಲಿ ಒಬ್ಬರೇ ಇದ್ದರು. ಕಾಟನ್ ಸೀರೆ, ಕೈಗೆ ಗಂಡಸರ ವಾಚು, ಆಕಳಿಸಿದವರಿಗೆ ಅಲ್ಲೇ ಪ್ರಶ್ನೆ. ಕಡಲಿನ ಲಾಗರ್‌ಹೆಡ್ ಆಮೆಗಳ ಬಗ್ಗೆ ಒಂದು ಲೇಖನದ ಜೆರಾಕ್ಸ್ ಅವರ ಬ್ಯಾಗಿನಲ್ಲಿ ಸದಾ ಇರುತ್ತಿತ್ತು. ಗೂಡಿನ ಮರಳು ಹೆಚ್ಚು ಬಿಸಿಯಾದರೆ ಹೆಣ್ಣು ಮರಿ, ತಂಪಾದರೆ ಗಂಡು ಎಂದು ಅದರಲ್ಲಿತ್ತು. ಭದ್ರಾ ಹೊಳೆಯ ಕಪ್ಪು ಆಮೆಗೂ ಹಾಗೆಯೇ ಆಗುತ್ತದೆಯೇ ಎಂದು ತಿಳಿಯುವುದು ಅವರ ಹಟ. "ಕಡಲಾಮೆಗೆ ಅಷ್ಟು ಜನ ಇದ್ದಾರೆ. ನಮ್ಮ ಆಮೇನ ಯಾರೂ ಕೇಳಲ್ಲ. ಹಿತ್ತಲ ಗಿಡ ಮದ್ದಲ್ಲ, ಅಷ್ಟೇ," ಎನ್ನುತ್ತಿದ್ದರು.

ಅರಣ್ಯ ಕಚೇರಿಗೆ ಎರಡು ವರ್ಷ ಅಲೆದು ಅನುಮತಿ ಪಡೆದರು. ಆ ನವೆಂಬರಿನಲ್ಲಿ ಹೊಳೆದಂಡೆಯಲ್ಲಿ ಸಿಕ್ಕಿದ್ದು ಒಂದೇ ಗೂಡು, ಏಳು ಮೊಟ್ಟೆ. ಮರಳು ಎತ್ತುವ ಲಾರಿಗಳು ಅಲ್ಲಿಯವರೆಗೂ ಬರುತ್ತಿದ್ದವು. ಹಾಗಾಗಿ ಅವನ್ನು ನಮ್ಮ ಹಿತ್ತಲಿಗೆ ತಂದು, ಮರಳು ತುಂಬಿದ ಗುಂಡಿಯಲ್ಲಿ ಹೂತು, ಮೇಲೆ ಜಾಲರಿ ಮುಚ್ಚಿದೆವು. ಪ್ರತಿ ಮೊಟ್ಟೆಯ ನೆತ್ತಿಯ ಮೇಲೆ ಮೇಡಂ ಪೆನ್ಸಿಲಿನಲ್ಲಿ ಒಂದು ಗೀಟು ಎಳೆದಿದ್ದರು.

"ಬೆಳಿಗ್ಗೆ ಸಾಯಂಕಾಲ ಥರ್ಮಾಮೀಟರ್ ನೋಡಿ ಬರಿ. ಮೊಟ್ಟೆ ಮಾತ್ರ ಮುಟ್ಬೇಡ. ಗೀಟು ಮೇಲೇ ಇರ್ಬೇಕು."

ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮನೆಯಲ್ಲಿ ಅಜ್ಜಿ ಇದ್ದಳು, ಜೀವಮಾನವಿಡೀ ಕೋಳಿ ಸಾಕಿದವಳು. "ತಿರುಗಿಸ್ದೆ ಇದ್ರೆ ಮರಿ ಒಂದೇ ಕಡೆ ಅಂಟ್ಕೊಂಡು ಸಾಯುತ್ತೆ ಮಾರಾಯ್ತಿ. ಕೋಳಿಗಿರೋ ಬುದ್ಧಿ ನಿಮ್ಮ ಮೇಡಂಗೆ ಬೇಡ್ವಾ?" ಎಂದಳು. ಅಜ್ಜಿಯ ಕೈಯಲ್ಲಿ ನೂರಾರು ಮರಿ ಎದ್ದಿದ್ದನ್ನು ನಾನೇ ಕಂಡಿದ್ದೆ. ದಿನಾ ಸಂಜೆ ಮರಳು ಬಗೆದು ಏಳನ್ನೂ ಮಗುಚಿ ಇಡತೊಡಗಿದೆ. ಮೇಡಂ ಬರುವ ಶನಿವಾರ ಗೀಟು ಮೇಲಿರುವಂತೆ ನೋಡಿಕೊಳ್ಳುತ್ತಿದ್ದೆ. ಅಷ್ಟು ಜಾಣತನ ಇತ್ತು.

ಫೆಬ್ರವರಿ ಕಳೆದರೂ ಒಂದೂ ಒಡೆಯಲಿಲ್ಲ. ಮೇಡಂ ತೆರೆದು ನೋಡಿದರು. ಎಲ್ಲವೂ ಮೊದಲ ವಾರಗಳಲ್ಲೇ ಸತ್ತಿದ್ದವು. ನಾನು ಬರೆದಿಟ್ಟ ಅಂಕಿಗಳನ್ನು ತುಂಬಾ ಹೊತ್ತು ನೋಡಿ, "ಬಿಸಿ ತಡೀಲಿಲ್ಲ ಅನ್ಸುತ್ತೆ. ಇದನ್ನೇ ಬರೆದು ಕಳಿಸ್ತೀನಿ," ಎಂದರು. ಮುಟ್ಟಬೇಡ ಎಂದಿದ್ದನ್ನು ದಿನಾ ಮುಟ್ಟಿದ್ದೆ, ಸತ್ತಿದ್ದು ಅದಕ್ಕೇ ಇರಬೇಕು ಎನಿಸಿತು. ಬಾಯಿ ಮುಚ್ಚಿಕೊಂಡಿದ್ದರೆ ನಾನು ಮಾಡಿದ್ದು ಅವರ ಹೆಸರಿನಲ್ಲಿ ಸುಳ್ಳಾಗಿ ಅಚ್ಚಾಗುತ್ತಿತ್ತು. ಬಾಯಿ ಬಿಟ್ಟರೆ ಅವರು ಮತ್ತೆ ನನ್ನ ಮುಖ ನೋಡುವುದಿಲ್ಲ. ನಾಲ್ಕು ದಿನ ಮುಂದೂಡಿದೆ. ಐದನೆಯ ದಿನ ದುರ್ಗಿಗುಡಿಗೆ ಹೋದೆ.

ಮೇಡಂ ಬೀನ್ಸ್ ಹೆಚ್ಚುತ್ತಿದ್ದರು. ಹೇಳಿ ಮುಗಿಸುವ ಹೊತ್ತಿಗೆ ಚಾಕು ನಿಂತಿತ್ತು.

"ದಿನಾ ತಿರುಗಿಸ್ದೆಯಾ?"

"ದಿನಾ, ಮೇಡಂ."

ಆಮೆ ಮೊಟ್ಟೆಯಲ್ಲಿ ಮರಿ ಮೊದಲ ದಿನಗಳಲ್ಲೇ ನೆತ್ತಿಗೆ ಅಂಟಿಕೊಂಡು ಬೆಳೆಯಬೇಕು, ಮಗುಚಿದರೆ ಸಾಯುತ್ತದೆ ಎಂದು ಆಗ ಹೇಳಿದರು. ದನಿ ಏರಲೇ ಇಲ್ಲ. ಮೇಜಿನ ಮೇಲಿದ್ದ ತಮ್ಮ ಬರಹವನ್ನು ಅಡ್ಡಕ್ಕೆ ಹರಿದು, ನೋಟ್‌ಬುಕ್ ನನ್ನ ಮುಂದೆ ತಳ್ಳಿ "ಬರಿ," ಎಂದರು. 'ಅಜ್ಜಿ ಹೇಳಿದ್ದರಿಂದ' ಎಂದು ಶುರು ಮಾಡಿದೆ. ಅದನ್ನು ಹೊಡೆದು ಹಾಕಿದರು.

"ಅಜ್ಜೀನ ಯಾಕೆ ಎಳೀತೀಯಾ? ತಿರುಗಿಸಿದ ಕೈ ಯಾರದು?"

ನನ್ನದು ಎಂದು ಬರೆದೆ. ಓದಿ ಮಡಚಿಟ್ಟು ಮತ್ತೆ ಬೀನ್ಸ್ ಹಿಡಿದರು. "ಮುಂದಿನ ನವೆಂಬರಿಗೆ ಮತ್ತೆ ಇಡೋಣ. ನೀನೇ ನೋಡ್ಕೋಬೇಕು. ಬೇರೆಯವರಿಗೆ ಕೊಟ್ರೆ ಅವರು ಇನ್ನೊಂದು ಹೊಸ ತಪ್ಪು ಮಾಡ್ತಾರೆ."

ಮರುವರ್ಷ ನಾಲ್ಕು ಮರಿ ಎದ್ದವು. ಹೆಣ್ಣೋ ಗಂಡೋ ತಿಳಿಯಲು ಕೊಯ್ಯಬೇಕಿತ್ತು. ತಾವಾಗಿ ಸತ್ತವನ್ನು ಮಾತ್ರ ಕೊಯ್ಯುತ್ತೇನೆ, ನಿಧಾನವಾದರೂ ಪರವಾಗಿಲ್ಲ ಎಂದು ನಾಲ್ಕನ್ನೂ ಹೊಳೆಗೆ ಬಿಟ್ಟರು. ನಿವೃತ್ತಿಯಾದ ಮೇಲೂ ಪ್ರತಿ ನವೆಂಬರಿನಲ್ಲಿ ಬಸ್ಸಿಳಿದು ಬರುತ್ತಿದ್ದರು... ಪೂರ್ತಿ ಉತ್ತರ ಸಿಗುವ ಮೊದಲೇ, ಎರಡು ವರ್ಷದ ಹಿಂದೆ, ತೀರಿಕೊಂಡರು.

ಅನುಮತಿ ಪತ್ರ ಈಗ ನನ್ನ ಹೆಸರಿನಲ್ಲಿದೆ. ಈ ಸಲವೂ ಒಂದೇ ಗೂಡು. ಕಳೆದ ವಾರ ಜ್ವರದಲ್ಲಿ ಮಲಗಿದ್ದು ಬೆಳಗಿನ ಅಂಕಿ ತಪ್ಪಿಹೋಯಿತು. ಹಿಂದಿನ ದಿನದ್ದನ್ನೇ ಹಾಕಿದ್ದರೆ ಕೇಳುವವರು ಯಾರೂ ಇರಲಿಲ್ಲ. 'ಈ ದಿನ ನಾನು ಏಳಲಿಲ್ಲ, ನೋಡಲಿಲ್ಲ' ಎಂದು ಬರೆದೆ. ಓದಿ ಮಡಚಿಡಲು ಮೇಡಂ ಇಲ್ಲವಲ್ಲ ಎಂದು ಆಮೇಲೆ ಅತ್ತುಬಿಟ್ಟೆ.