ಕಣ್ಣತ್ತೆ ಒಳಗೆ ಹೋಗದ ಬೆಳಗು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಎರಡು ಬಾಗಿಲುಗಳ ನಡುವಿನ ಇಕ್ಕಟ್ಟಿನಲ್ಲಿ ನಿಂತು ಅವರು ಮೊಣಕೈವರೆಗೂ ಸೋಪು ತಿಕ್ಕುತ್ತಿದ್ದಾರೆ. ಗೌನು, ಟೋಪಿ, ಮಾಸ್ಕು ಹಾಕಿಕೊಂಡರೆ ಕಾಣುವುದು ಕಣ್ಣು ಮಾತ್ರ. ಒಳಗಿರುವ ಐದು ವರ್ಷದ ಹುಡುಗಿ ಅದಕ್ಕೇ ಅವರನ್ನು ‘ಕಣ್ಣತ್ತೆ’ ಅನ್ನುತ್ತಾಳೆ. ಆ ಕೋಣೆಯನ್ನು ಒರೆಸುವುದು ಇವರ ಕೆಲಸ. ಮಂಚದ ಕಂಬಿ, ನಲ್ಲಿ, ಬಾಗಿಲ ಹಿಡಿ, ಗೊಂಬೆಯ ಮೂಗು, ಯಾವುದನ್ನೂ ಬಿಡುವಂತಿಲ್ಲ.

ಹುಡುಗಿಯದು ಹುಟ್ಟಿನಿಂದ ಬಂದ ಅಪರೂಪದ ಕಾಯಿಲೆ. ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳು ಅವಳ ರಕ್ತದಲ್ಲಿ ತಯಾರಾಗುತ್ತವೆ, ಆದರೆ ಅಡ್ಡಾದಿಡ್ಡಿಯಾಗಿ: ಒಂದು ಬಗೆಯವು ಮಿತಿಮೀರಿ, ಮುಖ್ಯವಾಗಿ ಬೇಕಾದವು ಇಲ್ಲವೇ ಇಲ್ಲ ಅನ್ನುವಷ್ಟು. ಇಲ್ಲದ್ದನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ. ಇದೇ ಕಾಯಿಲೆಗೆ ಅವಳ ಅಣ್ಣ ತೀರಿಕೊಂಡಿದ್ದಾನೆ. ಗುಣವಾಗಬೇಕಾದರೆ ಬೇರೊಬ್ಬರ ಅಸ್ಥಿಮಜ್ಜೆ ಕಸಿ ಮಾಡಬೇಕು; ಅಕ್ಕನದು ಹೊಂದುತ್ತದೆ ಎಂದು ಗೊತ್ತಾದಾಗ ಮನೆಯವರಿಗೆ ಹೋದ ಜೀವ ಬಂದಂತಾಯಿತು.

ಮಜ್ಜೆ ಕಸಿಗೆ ಕೆಲವೇ ದಿನ ಬಾಕಿ ಇರುವಾಗ, ಒಂದು ಬೆಳಗ್ಗೆ, ಕಣ್ಣತ್ತೆಗೆ ಗಂಟಲು ಕೆರೆಯಿತು.

“ಮನೇಲಿ ಮಗಳಿಗೆ ನೆಗಡಿ ಇತ್ತು. ಅವಳನ್ನ ಹತ್ರಾನೂ ಸೇರಿಸಿರ್ಲಿಲ್ಲ, ಅಜ್ಜಿ ಪಕ್ಕ ಮಲಗಿಸ್ತಿದ್ದೆ. ಆದ್ರೂ ಬಂತಲ್ಲ! ಸೀದಾ ಹೋಗಿ ಮೇಲ್ವಿಚಾರಕರಿಗೆ ಹೇಳ್ದೆ,” ಎಂದು ಅವರು ನೆನೆಯುತ್ತಾರೆ.

ಬದಲಿಗೆ ಯಾರೂ ಇರಲಿಲ್ಲ. ಮೇಲ್ವಿಚಾರಕ ಸಿಡುಕಿದ: “ಎರಡು ಮಾಸ್ಕ್ ಹಾಕ್ಕೊಂಡು ಹೋಗಮ್ಮ. ಗಂಟಲು ಕೆರೆದ್ರೆ ಪ್ರಾಣ ಹೋಗುತ್ತಾ?”

“ನನ್ನದು ಹೋಗಲ್ಲ ಸಾರ್. ಬೇಕಾದ್ರೆ ಕೆಲಸದಿಂದ ತೆಗೀರಿ. ಒಳಗೆ ಮಾತ್ರ ಹೋಗಲ್ಲ.”

ಗಲಾಟೆ ಕೇಳಿ ಬಂದ ನರ್ಸ್ ಬಟ್ಟೆ, ಬಕೆಟ್ ಎತ್ತಿಕೊಂಡು ತಾವೇ ಒಳಗೆ ಹೋದರು. “ಕಣ್ಣತ್ತೆ ಎಲ್ಲಿ?” ಎಂದು ಹುಡುಗಿ ಅಳುವುದು ಹೊರಗೂ ಕೇಳಿಸಿತು. ಇವರು ತಿರುಗಿ ನೋಡದೆ ಮೆಟ್ಟಿಲಿಳಿದರು.

ಸಂಜೆಗೆ ಮೈ ಕೆಂಡವಾಯಿತು. ಮಲಗಿದ್ದವರನ್ನು ಕಾಡಿದ್ದು ಜ್ವರವಲ್ಲ. “ಹಿಂದಿನ ದಿನ ಒಳಗೆ ಹೋಗಿದ್ದೆನಲ್ಲ. ಆಗಲೇ ಅಂಟಿಸಿಬಿಟ್ಟಿದ್ರೆ? ಫೋನ್ ಬಡ್ಕೊಂಡ್ರೆ ‘ನೀವೇ ತೆಗೀರಿ’ ಅಂತ ಅತ್ತೆ ಕೈಗೆ ಕೊಡ್ತಿದ್ದೆ. ಅವರು ‘ಹಲೋ’ ಅನ್ನೋ ಅಷ್ಟರಲ್ಲಿ ನಾನು ಅರ್ಧ ಸತ್ತಿರ್ತಿದ್ದೆ.”

ಕೊನೆಗೊಂದು ಮಧ್ಯಾಹ್ನ ನರ್ಸ್ ಫೋನ್ ಮಾಡಿದರು. ಅತ್ತೆ ಕೇಳಿಸಿಕೊಂಡು, ಸೊಸೆಯ ಕಡೆ ತಿರುಗಿ ಹೇಳಿದ್ದು ಇಷ್ಟೇ: “ಮಗೂಗೆ ಜ್ವರ ಇಲ್ವಂತೆ. ಅಕ್ಕನ ಮಜ್ಜೆ ಏರಿಸ್ತಾ ಇದಾರಂತೆ.” ಸೊಸೆ ಹೊದಿಕೆ ಮುಖಕ್ಕೆಳೆದುಕೊಂಡು ಅತ್ತರು.

ಪೂರ್ತಿ ಗುಣವಾದ ಮೇಲೆಯೇ ಇವರನ್ನು ಮತ್ತೆ ಒಳಗೆ ಬಿಟ್ಟದ್ದು. ಮೇಲ್ವಿಚಾರಕ ಈಗ ದಿನವೂ ಮೊದಲು ಕೇಳುವುದು, “ಗಂಟಲು ಹೇಗಿದೆಯಮ್ಮ?”

ಅಕ್ಕನ ಜೀವಕೋಶಗಳು ಹುಡುಗಿಯ ಮೈಯಲ್ಲಿ ಬೇರೂರಿವೆ. ಸರಿಯಾದ ಪ್ರತಿಕಾಯಗಳನ್ನು ಅವಳ ರಕ್ತ ತಾನೇ ತಯಾರಿಸುತ್ತದೆಯೇ ಎಂದು ತಿಳಿಯಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಡ್ರಿಪ್ ತಪ್ಪದು, ಒರೆಸುವುದೂ ತಪ್ಪದು.

ಏನಾಸೆ ಎಂದು ಕಣ್ಣತ್ತೆಯನ್ನು ಕೇಳಿದರೆ ಬಟ್ಟೆ ಹಿಂಡುತ್ತಲೇ ಹೇಳುತ್ತಾರೆ: “ಅವಳು ಮನೆಗೆ ಹೋಗಿ ಮಣ್ಣಲ್ಲಿ ಹೊರಳಾಡಿ, ಮೈಯೆಲ್ಲಾ ಕೊಳೆ ಮಾಡ್ಕೊಂಡು, ಅವಳಮ್ಮನ ಹತ್ರ ಚೆನ್ನಾಗಿ ಬೈಸ್ಕೋಬೇಕು.”