ಗೋಡೆ ಬಡಿದು ನೋಡಿದ ಮಳೆಗಾಲ

ಆಗ ನಾವು ಮರಾಠಿ ಸೀಮೆಯ ಕಳವಾ ಎಂಬ ಊರಿನ ಗುಡ್ಡದ ಮೇಲಿದ್ದೆವು. ಮಳೆಗಾಲ ಬಂತೆಂದರೆ ದೊಡ್ಡವರಿಗೆ ತಾಪತ್ರಯ, ನಮಗೆ ಮಕ್ಕಳಿಗೆ ಸುಗ್ಗಿ. ಮನೆಯ ಮೇಲಿನ ನೀಲಿ ತಾಡಪತ್ರಿ ನೀರು ತುಂಬಿ ಹೊಟ್ಟೆ ಬಿಟ್ಟುಕೊಂಡು ಜೋಲುತ್ತಿತ್ತು. ಅದನ್ನು ಕೋಲಿನಿಂದ ಎತ್ತಿ, ಕೆಳಗೆ ಹೋಗುವವರ ತಲೆಯ ಮೇಲೆ ನೀರು ಸುರಿಯುವುದು ನನಗೂ ತಮ್ಮ ಮಲ್ಲುವಿಗೂ ಎಲ್ಲಕ್ಕಿಂತ ದೊಡ್ಡ ಆಟ. ಒಳಗೆ ಸೀಮೆಎಣ್ಣೆ ಸ್ಟೋವಿನ ವಾಸನೆ, ಅವ್ವ ರೊಟ್ಟಿ ಬಡಿಯುವ ಸದ್ದು, ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಯ ಘಮ. ಆ ಮನೆಗಳ ಸಾಲಿನಲ್ಲಿದ್ದವರೆಲ್ಲ ಹೆಚ್ಚುಕಡಿಮೆ ವಿಜಯಪುರ, ಕಲಬುರಗಿ ಕಡೆಯಿಂದ ದುಡಿಯಲು ಬಂದವರು. ಅಪ್ಪ ಗೌಂಡಿ. ಬೆಳಿಗ್ಗೆ ನಾಕಾದಲ್ಲಿ, ಅಂದರೆ ರಸ್ತೆಗಳು ಕೂಡುವಲ್ಲಿ, ಕೂಲಿಯವರ ಗುಂಪಿನಲ್ಲಿ ನಿಂತರೆ ಗುತ್ತಿಗೆದಾರರು ಮೊದಲು ಕರೆಯುತ್ತಿದ್ದುದು ಅವನನ್ನೇ. ಅವನು ಕಟ್ಟಿದ ಗೋಡೆ ಅಷ್ಟು ನೆಟ್ಟಗಿರುತ್ತಿತ್ತು.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ, ಒಂದು ಮಧ್ಯಾಹ್ನ ಗುಡ್ಡ ಜರಿಯಿತು. ನಾನೂ ಅವ್ವನೂ ಕೆಳಗೆ ನೀರಿಗೆ ಹೋಗಿದ್ದೆವು. ಮನೆಯೊಳಗೆ ಮಲಗಿದ್ದ ಮಲ್ಲುವಿನ ಮೇಲೆ ಗೋಡೆ ಬಿತ್ತು. ಮಳೆಯೆಂದು ಕೆಲಸವಿಲ್ಲದೆ ಬಾಗಿಲ ಹೊರಗೆ ಕೂತಿದ್ದ ಅಪ್ಪ ಬರಿಗೈಯಲ್ಲಿ ಮಣ್ಣು ಬಗೆದ. ಸಿಕ್ಕಿದ್ದು ಮಲ್ಲುವಿನ ಮುಂಗೈ. ಅದನ್ನೇ ಹಿಡಿದು ಎಳೆದು ತೆಗೆದ. ಹಣೆಯ ಮೇಲೊಂದು ಗಾಯ ಬಿಟ್ಟರೆ ಮಲ್ಲುವಿಗೆ ಏನೂ ಆಗಲಿಲ್ಲ. ಮೇಲಿನ ಸಾಲಿನ ಎಲ್ಲರಿಗೂ ಆ ಪುಣ್ಯ ಇರಲಿಲ್ಲ.

ಮನೆ ಕಳೆದುಕೊಂಡ ನಮ್ಮನ್ನೆಲ್ಲ ಒಂದು ಶಾಲೆಯಲ್ಲಿ ಶಿಬಿರ ಮಾಡಿ ಇರಿಸಿದರು. ಎರಡು ಹೊತ್ತೂ ಖಿಚಡಿ, ಒದ್ದೆ ಚಾಪೆ, ಫಿನಾಯಿಲ್ ವಾಸನೆ. ಆದರೂ ಮಕ್ಕಳಿಗೆ ಅದು ಬಯಲು ಸಿಕ್ಕ ಹಾಗೆ. ವರಾಂಡದ ತುಂಬ ಕುಂಟಾಬಿಲ್ಲೆ, ಲಗೋರಿ. ನಾವಿಬ್ಬರು ಮಾತ್ರ ಕೂತು ನೋಡುವವರು, ಯಾಕೆಂದರೆ ಅಪ್ಪ ನಮ್ಮನ್ನು ಬಿಡುತ್ತಿರಲಿಲ್ಲ. ಅವ್ವನ ಹಳೆಯ ಸೀರೆ ಹರಿದು ಒಂದು ತುದಿಯನ್ನು ನನ್ನ ಮುಂಗೈಗೆ, ಇನ್ನೊಂದನ್ನು ಮಲ್ಲುವಿನದಕ್ಕೆ ಬಿಗಿದು, ನಡುವಿನದನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದ. ಮಲಗುವಾಗಲೂ ಬಿಚ್ಚುತ್ತಿರಲಿಲ್ಲ. ನಾಕಾಕ್ಕೆ ಹೋಗುವುದನ್ನೇ ನಿಲ್ಲಿಸಿದ್ದ.

"ಪಪ್ಪಾ, ಛೋಡೋ ನಾ!" ಎಂದು ಮಲ್ಲು ಬಿಡುವಂತೆ ಗೋಗರೆಯುತ್ತಿದ್ದ. ಇಲ್ಲೇ ಹುಟ್ಟಿದವನು, ಅಳುವುದೂ ಹಿಂದಿಯಲ್ಲೇ.

"ಸುಮ್ಕ ಕೂಡ್ರು," ಎನ್ನುತ್ತಿದ್ದ ಅಪ್ಪ. ಅವನ ಕಣ್ಣು ಮಾತ್ರ ಛಾವಣಿಯ ಮೇಲಿರುತ್ತಿತ್ತು.

ಗೌಂಡಿಗೆ ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರು. ಅವ್ವ ನಾಚಿಕೆಯಿಂದ ಹಿಡಿಯಷ್ಟಾದಳು. "ಇನ್ನ ಇಲ್ಲಿ ಬಾಳೇವು ಸಾಕು, ಊರಿಗೆ ಹೋಗೂಣು," ಎಂದಳು. ಊರಿಗೆ ಹೋದರೆ ನನ್ನ ಶಾಲೆ ಮುಗಿದ ಹಾಗೆ ಎಂಬುದು ನನಗೆ ಗೊತ್ತಿತ್ತು. ಅಕ್ಕಪಕ್ಕದ ಹುಡುಗಿಯರೆಲ್ಲ ಹಾಗೆಯೇ ಹೋಗಿ, ಹಾಗೆಯೇ ಮದುವೆಯಾಗಿದ್ದರು.

ಅಷ್ಟರಲ್ಲಿ ಹತ್ತಿರದ ನೆರೂಳ ಎಂಬಲ್ಲಿಂದ ವಿನಯಕ್ಕ ಬಂದರು. ಮೂಲ ಉಡುಪಿ ಕಡೆಯವರು, ಇಂಥ ಅನಾಹುತಗಳಲ್ಲಿ ಕಂಗೆಟ್ಟವರ ಜೊತೆ ಮಾತಾಡಿ ಧೈರ್ಯ ತುಂಬುವುದೇ ಅವರ ಕೆಲಸ. ಶಿಬಿರದವರು ಒಂದು ಕೋಣೆಯಲ್ಲಿ ಮೇಜು ಹಾಕಿ, ಮರಾಠಿಯಲ್ಲಿ ಫಲಕ ತೂಗುಹಾಕಿ ಅವರನ್ನು ಕೂರಿಸಿದರು. ಅದು ಹುಚ್ಚರ ಡಾಕ್ಟರ ಕೋಣೆಯೆಂದು ಸುದ್ದಿ ಹಬ್ಬಿತು, ಅಲ್ಲಿಗೆ ಒಂದು ನೊಣವೂ ಹೋಗಲಿಲ್ಲ. ಅವರೇ ಬಂದು ಕೇಳಿದಾಗ ಅವ್ವ ಸೆರಗು ಬಿಗಿದು, "ನಮ್ಮ ಮನ್ಯಾಗ ಯಾರಿಗೂ ಹುಚ್ಚ ಹಿಡದಿಲ್ರೀ," ಎಂದುಬಿಟ್ಟಳು.

ಬೇರೆಯವರಾಗಿದ್ದರೆ ಹಾಳೆಯಲ್ಲಿ ಏನೋ ಬರೆದುಕೊಂಡು ಹೋಗುತ್ತಿದ್ದರು. ವಿನಯಕ್ಕ ಮಾರನೆಯ ದಿನ ಒಂದು ಕೊಡ ಹಿಡಿದು ಟ್ಯಾಂಕರಿನ ಸಾಲಿನಲ್ಲಿ ನಮ್ಮ ಹಿಂದೆ ನಿಂತರು. ನಮ್ಮ ಮೂವರ ಮೆರವಣಿಗೆ ನೋಡಿ ಸಾಲಿನವರೆಲ್ಲ ನಕ್ಕರೂ ಅವರು ನಗಲಿಲ್ಲ. ಸೀರೆಯ ಗಂಟನ್ನು ಕಂಡೂ ಕಾಣದವರಂತೆ ಇದ್ದರು. ನಮ್ಮ ಕೊಡವನ್ನೂ ತಾವೇ ಎತ್ತಿಕೊಂಡು ಬಂದರು. ಹೀಗೆಯೇ ಕೆಲವು ದಿನ ನಡೆಯಿತು. ಅವರ ಕನ್ನಡ ಕೇಳಿದರೆ ನನಗೂ ಮಲ್ಲುವಿಗೂ ನಗು ತಡೆಯುತ್ತಿರಲಿಲ್ಲ. ಪ್ರತಿ ಮಾತಿಗೂ 'ಉಂಟು', ಪ್ರತಿ ಮಾತಿಗೂ 'ಮಾರಾಯ್ತಿ'.

ಒಂದು ಬೆಳಿಗ್ಗೆ ಅವರು ಅಪ್ಪನಿಗೆ ಹೇಳಿದರು: "ನೀವು ಗೌಂಡಿ ಅಲ್ವಾ? ನನಗೊಂದು ಉಪಕಾರ ಮಾಡ್ಬೇಕು. ಇಷ್ಟು ಜನ ಮಲಗ್ತಾರೆ, ಈ ಶಾಲೆಯ ಗೋಡೆ ಗಟ್ಟಿ ಉಂಟಾ ಇಲ್ವಾ, ನಿಮ್ಮ ಕಣ್ಣಲ್ಲೇ ನೋಡಿ ಹೇಳಿ."

ಅಪ್ಪ ಎಷ್ಟೋ ದಿನಗಳ ನಂತರ ಒಬ್ಬರ ಮುಖವನ್ನು ನೇರವಾಗಿ ನೋಡಿದ. ಮಣ್ಣಿನಿಂದ ತೆಗೆದಿದ್ದ ಸಾಮಾನಿನ ಚೀಲಕ್ಕೆ ಕೈ ಹಾಕಿ ಗೋಡೆ ನೆಟ್ಟಗಿದೆಯೇ ಎಂದು ಇಳಿಬಿಟ್ಟು ನೋಡುವ, ದಾರಕ್ಕೆ ಕಟ್ಟಿದ ತೂಕದ ಗುಂಡು ಹುಡುಕಿದ. ಗೋಡೆ ಗೋಡೆಯನ್ನೂ ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು, ಅಂಗೈಯಿಂದ ಸವರಿ ನೋಡುತ್ತ ಹೊರಟ. ಹಿಂದೆ ಎಳೆದಂತೆ ನಾವು, ನಮ್ಮ ಹಿಂದೆ ವಿನಯಕ್ಕ. ಕೊನೆಯ ಕೋಣೆಯಲ್ಲಿ ಗುಂಡು ಇಳಿಬಿಡಲು ಬೆಂಚು ಹತ್ತಬೇಕಾಯಿತು. ಸೊಂಟದ ಗಂಟು ಅಡ್ಡ ಬಂತು. ಅಪ್ಪ ನಿಂತುಬಿಟ್ಟ.

"ನಾನು ಹಿಡ್ಕೊಳ್ತೇನೆ. ಬಿಡುದಿಲ್ಲ," ಎಂದು ವಿನಯಕ್ಕ ನಮ್ಮಿಬ್ಬರ ಕೈ ಹಿಡಿದರು.

ಅಪ್ಪ ಗಂಟು ಬಿಚ್ಚಿ ಬೆಂಚು ಹತ್ತಿದ. ಗುಂಡು ಅಲ್ಲಾಡುವುದು ನಿಂತಿತು. ಗೋಡೆ ನೆಟ್ಟಗಿತ್ತು. ಅವನು ಇಳಿಯಲಿಲ್ಲ, ಗೋಡೆಗೇ ಹೇಳುವವನಂತೆ ಹೇಳಿದ: "ಬಿದ್ದದ್ದು ನಾ ಕಟ್ಟಿದ ಗ್ವಾಡಿರೀ ಅಕ್ಕಾರ. ನನ್ನ ಕೈಲೇ ಕಟ್ಟಿದ್ದು ನನ್ನ ಮಗನ ಮ್ಯಾಲೇ ಬಿತ್ತು."

ನಿಮ್ಮ ತಪ್ಪಲ್ಲ ಎಂದು ವಿನಯಕ್ಕ ಹೇಳಲಿಲ್ಲ. ಬದಲಿಗೆ ಕೇಳಿದರು: "ಈಗ ನೋಡಿದ್ರಲ್ಲ ಈ ಗೋಡೆ, ಇದು ಗಟ್ಟಿ ಉಂಟಲ್ಲ? ಇದರ ಮೇಲೆ ಗುಡ್ಡ ಬಂದ್ರೆ ನಿಲ್ತದಾ?"

ಅಪ್ಪ ಗೋಡೆಯ ಮೇಲೆ ಕೈಯಿಟ್ಟು ನೋಡಿದ. "ಇಲ್ರೀ," ಎಂದ. "ಗುಡ್ಡ ಬಂದ್ರ ಯಾವ ಗ್ವಾಡೀನೂ ನಿಲ್ಲಂಗಿಲ್ಲ."

ಹಾಗೆಂದವನೇ ಬೆಂಚಿನ ಮೇಲೆ ಕುಸಿದು ಅತ್ತ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ವಿನಯಕ್ಕ ನಮ್ಮ ಕೈ ಹಿಡಿದೇ ನಿಂತಿದ್ದರು. ಕೊಟ್ಟ ಮಾತಿನಂತೆ ಬಿಡಲಿಲ್ಲ.

ಅವತ್ತೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮರುದಿನ ಸೀರೆಯ ಪಟ್ಟಿ ಮತ್ತೆ ಬಂತು, ಆದರೆ ಮೊದಲಿಗಿಂತ ಉದ್ದವಾಗಿ. ವಿನಯಕ್ಕ ದೊಡ್ಡಾಸ್ಪತ್ರೆಗೆ ಅಪ್ಪನ ಜೊತೆ ತಾವೇ ಹೋದರು. ಅಲ್ಲಿ ಅವನ ಮಾತನ್ನು ಡಾಕ್ಟರಿಗೆ ಮರಾಠಿಯಲ್ಲಿ ಹೇಳಿ, ಅವರದನ್ನು ಅವನಿಗೆ ಕನ್ನಡದಲ್ಲಿ ಹೇಳಿ, ನಿದ್ದೆಯ ಮಾತ್ರೆ ಕೊಡಿಸಿದರು. ಗಣಪತಿ ಹಬ್ಬದ ಹೊತ್ತಿಗೆ ನಾನು ವರಾಂಡದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದೆ, ಅಪ್ಪ ನಾಕಾದಲ್ಲಿ ನಿಂತಿದ್ದ. ಅವ್ವ ಊರಿನ ಮಾತು ಎತ್ತಲಿಲ್ಲ. ಎಲ್ಲಿಂದಲೋ ಜೋಳದ ಹಿಟ್ಟು ಸಂಪಾದಿಸಿ ವಿನಯಕ್ಕನಿಗೆ ಬಿಸಿ ರೊಟ್ಟಿ ಬಡಿದು ಕೊಟ್ಟಳು. ಪಾಪ, ಅಕ್ಕಿ ತಿನ್ನುವ ನಾಡಿನವರು, ಚಟ್ನಿಯ ಖಾರಕ್ಕೆ ಮೂಗು ಸೋರಿಸುತ್ತಲೇ ಎರಡು ತಿಂದರು.

ಈಗ ನಾವಿರುವುದು ಟಿಟ್ವಾಳಾ ಎಂಬ ಊರಿನ ಫ್ಲ್ಯಾಟಿನಲ್ಲಿ. ನಾನು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಮನಸ್ಸಿಗೆ ತೊಂದರೆಯಾದರೆ ಈ ನಂಬರಿಗೆ ಫೋನ್ ಮಾಡಿ ಎಂದು ರೈಲು ಸ್ಟೇಷನ್ನಿನಲ್ಲಿ ಬರೆದಿರುತ್ತಾರೆ. ಒಳ್ಳೆಯದೇ. ಆದರೆ ಫೋನ್ ಮಾಡುವವನಲ್ಲ ನನ್ನಪ್ಪ, ಅವನ ಹಿಂದೆ ಕೊಡ ಹಿಡಿದು ನಿಲ್ಲುವವರು ಬೇಕಿತ್ತು. ಶಿಬಿರ ಮುಗಿದ ಮೇಲೆ ವಿನಯಕ್ಕ ಮತ್ತೆ ಸಿಗಲಿಲ್ಲ. ನೆರೂಳದಲ್ಲಿ ಇಳಿದಾಗಲೆಲ್ಲ ಜನರ ನಡುವೆ ಅವರ ಮುಖ ಹುಡುಕುತ್ತೇನೆ.

ಈ ಫ್ಲ್ಯಾಟು ಕೊಳ್ಳುವಾಗಲೂ ಅಪ್ಪ ಗೋಡೆಗಳನ್ನೆಲ್ಲ ಬಡಿದು ನೋಡಿ, "ಗಟ್ಟಿ ಐತಿ, ಮಲಕೋರಿ," ಎಂದಿದ್ದ. ಹೋದ ವರ್ಷ ಅವನು ತೀರಿಕೊಂಡ. ಕೊನೆಯ ದಿನ ಆಸ್ಪತ್ರೆಯಲ್ಲಿ ನನ್ನ ಮುಂಗೈ ಹಿಡಿದುಕೊಂಡಿದ್ದ. ಅಂದು ಶಾಲೆಯ ವರಾಂಡದಲ್ಲಿ ಬಿಟ್ಟರೆ ಸಾಕೆಂದು ದಿನವಿಡೀ ಮನಸ್ಸಿನಲ್ಲೇ ಹಲುಬುತ್ತಿದ್ದವಳು ನಾನು. ಈ ಸಲ ಅವನಾಗಿಯೇ ಬಿಟ್ಟ.